ನಮ್ಮ ಮನೆಗೆ ಬಂದ ರಬ್ಬರ್ ದೋಣಿ

ಆ ಮಳೆಗಾಲ ನನ್ನನ್ನು ಕಡಬದ ತಾಲ್ಲೂಕು ಕಚೇರಿಯ ಕಂಟ್ರೋಲ್ ರೂಮಿಗೆ ಹಾಕಿದ್ದರು. ಸಹಾಯ ಕೇಳಿ ಫೋನ್ ಮಾಡಿದವರಿಂದ ವಾಟ್ಸಾಪಿನಲ್ಲಿ ಲೊಕೇಶನ್ ತರಿಸಿಕೊಂಡು ರಕ್ಷಣಾ ತಂಡಕ್ಕೆ ದಾಟಿಸುವುದು ನನ್ನ ಕೆಲಸ. ತಪ್ಪು ಜಾಗ ಕಳಿಸಿದವರ ಮೇಲೆ ರೇಗುತ್ತಿದ್ದೆ. "ಒಂದು ಬಟನ್ ಒತ್ತುದು ಎಂತ ಕಷ್ಟ ಮಾರಾಯ್ರೆ?"

ಒಂದು ಮಧ್ಯಾಹ್ನ, ನೆಟ್ಟಣದ ಕಡೆ ಗುಡ್ಡ ಜರಿದಿದೆಯೆಂದು ಫೋಟೋ ಬಂತು. ನಿಜವೋ ಸುಳ್ಳೋ ನೋಡಿ ಬರುತ್ತೇನೆಂದು, ಯಾರೂ ಹೇಳದಿದ್ದರೂ ಸ್ಕೂಟರ್ ಹತ್ತಿದೆ. ಫೋಟೋ ಎಂದಿನದೋ ಹಳೆಯದು. ಹಿಂದಿರುಗುವಾಗ ಒಂದು ತಗ್ಗು ದಾಟಿದ್ದೆನಷ್ಟೆ, ಮುಂದಿನ ಮೋರಿಯ ಮೇಲೆ ಹೊಳೆ ಹರಿಯುತ್ತಿತ್ತು. ತಿರುಗಿ ನೋಡಿದರೆ ದಾಟಿ ಬಂದ ತಗ್ಗೂ ಮುಳುಗಿತ್ತು. ನಡುವಿನ ದಿಬ್ಬದ ಮೇಲೆ ನಾನು, ಸ್ಕೂಟರ್ ಮತ್ತು ನನಗಿಂತ ಸಮಾಧಾನದಲ್ಲಿದ್ದ ಒಂದು ಎಮ್ಮೆ.

ಕಚೇರಿಗೆ ಫೋನ್ ಮಾಡಿದೆ. ಎತ್ತಿದ್ದು ನನ್ನ ಪಕ್ಕದ ಕುರ್ಚಿಯ ಸಹೋದ್ಯೋಗಿ.

"ಲೊಕೇಶನ್ ಕಳ್ಸಿ ಸರ್," ಎಂದರು. ದನಿಯಲ್ಲಿ ನಗು ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಕಳಿಸಿದೆ. ಎಷ್ಟು ಹೊತ್ತಾದರೂ ಯಾರೂ ಬರಲಿಲ್ಲ. ನೀರು ಸ್ಕೂಟರಿನ ಚಕ್ರ ಮುಟ್ಟಿತು. ಎಮ್ಮೆ ಒಮ್ಮೆ ನನ್ನತ್ತ ನೋಡಿ, ನೀರಿಗಿಳಿದು ಈಜಿಕೊಂಡು ಆಚೆ ದಡ ಸೇರಿತು. ಈಜು ಬಾರದ ನನಗೆ ಆಗ ನಿಜವಾಗಿ ಹೆದರಿಕೆಯಾಯಿತು. ಅಷ್ಟರಲ್ಲಿ ಹೆಂಡತಿಯ ಫೋನ್.

"ಇಲ್ಲಿ ದೋಣಿ ತಕೊಂಡು ಜನ ಬಂದಿದ್ದಾರೆ, ನಿಮ್ಮನ್ನು ಕೇಳ್ತಿದ್ದಾರೆ. ನಮ್ಮ ಮನೆ ಗುಡ್ಡದ ತಲೆಯಲ್ಲಿ ಉಂಟಲ್ಲ, ದೋಣಿ ಎಂತಕ್ಕೆ?"

ಒದ್ದೆ ಬೆರಳು ಒತ್ತಿದ್ದು ನಕ್ಷೆಯಲ್ಲಿ ನಾನೇ ಗುರುತಿಟ್ಟುಕೊಂಡಿದ್ದ 'ಮನೆ'ಯನ್ನು. ರೈನ್‌ಕೋಟಿನೊಳಗೆ ತಲೆ ತೂರಿಸಿ, ಬನಿಯನ್ನಿಗೆ ಫೋನ್ ಒರಸಿ, ಈ ಸಲ ನಾನಿದ್ದ ಜಾಗವನ್ನೇ ಕಳಿಸಿದೆ. ಆಮೇಲೆ ತಂಡದವರು ದಾರಿ ತಪ್ಪದೆ ಬಂದರು. ಹಗ್ಗ ಕಟ್ಟಿ, ದೋಣಿ ಇಳಿಸಿ, ಹೊಟ್ಟೆಯ ಮೇಲೆ ಎರಡು ಅಂಚೂ ಸೇರದ ಲೈಫ್ ಜಾಕೆಟ್ಟನ್ನು ನನಗೆ ಹೇಗೋ ಬಿಗಿದರು.

ನೀರಿನ ನಡುವೆ ತಂಡದ ಮುಖ್ಯಸ್ಥರು ಮೆಲ್ಲಗೆ, "ನಿಮ್ಮಲ್ಲಿ ಚಾ ಲಾಯ್ಕ ಇತ್ತು ಸರ್. ಕುಡಿಯದೆ ಅಕ್ಕ ಬಿಡ್ಲಿಲ್ಲ," ಎಂದರು.

ಮರುದಿನ ಸ್ಕೂಟರನ್ನು ಕೆಸರಿನಿಂದ ಎತ್ತಿದರು. ಕಚೇರಿಯ ವಾಟ್ಸಾಪ್ ಗ್ರೂಪಿಗೆ ಬಂದ ರಕ್ಷಣಾ ಕಾರ್ಯದ ಫೋಟೋಗಳಲ್ಲಿ, ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂತ ನಾನೂ ಇದ್ದೆ. ಕೆಳಗೆ ಸಹೋದ್ಯೋಗಿ 'ಸಾರ್ವಜನಿಕರೊಬ್ಬರ ರಕ್ಷಣೆ' ಎಂದಷ್ಟೇ ಬರೆದಿದ್ದರು. ಅವರ ಆ ದೊಡ್ಡ ಮನಸ್ಸಿಗೆ ನಾನು ಈಗಲೂ ಋಣಿ.