ಹಸಿರು ಬಳಿಯದ ಗುಡ್ಡ

ಗೆಳೆಯರೇ, ಬಳ್ಳಾರಿಯ ನಮ್ಮ ಬಿಎಂಎಕ್ಸ್ ಸೈಕಲ್ ರೇಸ್ ಟ್ರ್ಯಾಕಿನ ಗೋಡೆಗೆ ಓಣಿಯವರೆಲ್ಲ ಸೇರಿ ಚಿತ್ರ ಬರೆಸುತ್ತಿದ್ದೇವೆ. ಬಣ್ಣ ಕೊಡಿಸಿದ್ದು ಒಬ್ಬ ಗಣಿ ಮಾಲೀಕರು. ಇವತ್ತು ಅವರ ಮ್ಯಾನೇಜರ್ ಬಂದು, ಚಿತ್ರದಲ್ಲಿ ಜಿಗಿಯುವ ಸೈಕಲ್‌ಗಳ ಹಿಂದಿನ ಗುಡ್ಡ ನೋಡಿ ಮುಖ ಸಿಂಡರಿಸಿದ.

"ಇದೇನ್ರೀ, ಅರ್ಧಾ ಕಡದ ಗುಡ್ಡ? ಪೂರಾ ಬರ್ದು ಹಸರು ಬಳೀರಿ."

ನಾವು ಕರೆಸಿದ ಬ್ರೂಸ್‌ಪೇಟೆಯ ಬೋರ್ಡ್ ಪೇಂಟರ್ ನಸೀಮಾ ಬ್ರಷ್ ಕೆಳಗಿಡಲಿಲ್ಲ. "ಹೆಂಗೈತಿ ಹಂಗ ಬರದೀನ್ರಿ. ಮೊದ್ಲ ನೀವು ಗುಡ್ಡ ಹಸರು ಮಾಡ್ರಿ, ಆಮ್ಯಾಲ ನಾನು ಬಳೀತೀನಿ."

"ಹಂಗಾರ ನಮ್ಮ ಬಣ್ಣ ವಾಪಸ್ ಕೊಡ್ರಿ!"

ಡಬ್ಬಿಗಳನ್ನೆಲ್ಲ ನಾವೇ ಅವನ ಜೀಪಿಗೆ ಹೇರಿದೆವು. ಗುಡ್ಡ ಇನ್ನೂ ಮುಗಿದಿರಲಿಲ್ಲ. ನಸೀಮಾ ರಸ್ತೆಬದಿಯ ಅದಿರಿನ ಕೆಂಪು ಧೂಳು ಗುಡಿಸಿ ತಂದು, ಗೋಂದಿನಲ್ಲಿ ಕಲಸಿ ಕೆಲಸ ಮುಂದುವರಿಸಿದಳು.

ಬಣ್ಣ ಒಯ್ದರೆ ಒಯ್ಯಲಿ. ಕೆಂಪನ್ನಂತೂ ಅವರ ಲಾರಿಗಳೇ ದಿನಾ ನಮ್ಮ ಮನೆಬಾಗಿಲಿಗೆ ಪುಕ್ಕಟೆ ಸುರಿದು ಹೋಗುತ್ತವೆ.