ಮಧ್ಯಾಹ್ನ ಪಾಳಿ ಕೊಟ್ಟವರು

2013ರ ಸೆಪ್ಟೆಂಬರಿನ ಒಂದು ಗುರುವಾರ, ಮಧ್ಯಾಹ್ನ ಮೂರು ಗಂಟೆ. ಕೋಣೆಯಲ್ಲಿದ್ದವರು ಇಬ್ಬರೇ: ನಾನು ಮತ್ತು ಆರು ವರ್ಷದ ಮೊಮ್ಮಗಳು ಅನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮೂರನೆಯವರು ಇರಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಇಂಥ ಸಂಗತಿ ಯಾರಾದರೂ ಹೇಳಿದರೆ ನಿದ್ದೆಗಣ್ಣಿನ ಮಾತು ಎಂದು ಎದ್ದುಹೋಗುತ್ತಿದ್ದವಳು ನಾನು. ದೆವ್ವ ಭೂತಗಳನ್ನು ಈಗಲೂ ನಂಬುವುದಿಲ್ಲ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಪೀಣ್ಯದ ಒಂದು ಮೋಟಾರು ಕಾರ್ಖಾನೆಯಲ್ಲಿ, ತಂತಿ ಸುತ್ತುವ ವಿಭಾಗದಲ್ಲಿ ನಿವೃತ್ತಿಯವರೆಗೂ ದುಡಿದೆ. ಅಲ್ಲಿ ಹೆಂಗಸರದೇ ಒಂದು ಪದ್ಧತಿ ಇತ್ತು. ಪಾಳಿ ಮುಗಿದವಳು ಸುಮ್ಮನೆ ಎದ್ದು ಹೋಗುವಂತಿಲ್ಲ. ಮುಂದಿನವಳ ಹೆಗಲು ತಟ್ಟಿ "ಕೊಟ್ಟೆ" ಅನ್ನಬೇಕು. ಬಂದವಳು ಯಂತ್ರದ ಮೈಮೇಲೆ ಅಂಗೈಯಿಟ್ಟು ಅದರ ಬಿಸಿ, ಅದುರು ನೋಡಿ "ತಗೊಂಡೆ" ಅನ್ನಬೇಕು. ಆ ಮಾತು ಕೇಳುವ ತನಕ ಹೊಣೆ ಮೊದಲಿನವಳದೇ.

ಅನುಗೆ ಡೆಂಗಿ ಎಂದು ಗೊತ್ತಾದಾಗ ಮಗ ಕೆಲಸದ ಮೇಲೆ ಪುಣೆಗೆ ಹೋಗಿದ್ದ. ಮನೆಯಲ್ಲೇ ನೋಡಿಕೊಳ್ಳಿ, ನೀರು ಕುಡಿಸುತ್ತಿರಿ ಎಂದರು ವೈದ್ಯರು. ಸೊಸೆ ಸುಮಾ ಮತ್ತು ನಾನು ಪಾಳಿ ಹಂಚಿಕೊಂಡೆವು. ಹೆಗಲು ತಟ್ಟಿ "ಕೊಟ್ಟೆ", ಮಗುವಿನ ಪಾದ ಮುಟ್ಟಿ "ತಗೊಂಡೆ".

"ಅತ್ತೆ, ಇವಳೇನು ಮೋಟ್ರಾ?" ಎಂದು ಸುಮಾ ನಕ್ಕಳು.

"ಮೋಟ್ರು ಸುಟ್ಟೋದ್ರೆ ಇನ್ನೊಂದು ತರ್ತಾರೆ ಕಣೇ. ಪಾದ ಮುಟ್ಟು."

"ಅಮ್ಮಾ, ಕಚಗುಳಿ ಇಡ್ಬೇಡ," ಎಂದಳು ಅನು, ಜ್ವರದಲ್ಲೇ.

ಗುರುವಾರ ಬೆಳಿಗ್ಗೆ ಜ್ವರ ಇಳಿಯಿತು. ಜ್ವರ ಬಿಟ್ಟರೆ ಕಾಯಿಲೆ ಮುಗಿಯಿತೆಂದೇ ನಮ್ಮ ಮನೆಯ ಲೆಕ್ಕ. ಸಂಜೆ ತಲೆಗೆ ನೀರು ಹಾಕೋಣ ಎಂದುಕೊಂಡೆವು. ಇನ್ನು ಪಾಳಿ ಬೇಡವೆಂದು ನಿಲ್ಲಿಸಿದೆವು. ಮಧ್ಯಾಹ್ನ ಸುಮಾ ಬಟ್ಟೆ ಒಣಗಿಹಾಕಲು ತಾರಸಿಗೆ ಹೋದಳು. ನಾನು ಮಂಚದ ಪಕ್ಕದ ಕುರ್ಚಿಯಲ್ಲೇ ಕಣ್ಣು ಮುಚ್ಚಿದೆ.

ಹೆಗಲನ್ನು ಒಂದು ಕೈ ತಟ್ಟಿತು. "ಕೊಟ್ಟೆ," ಎಂದಿತು ಹೆಂಗಸಿನ ದನಿ. ಸುಮಾಳದಲ್ಲ, ವಯಸ್ಸಾದ, ದುಡಿದು ದಣಿದ ದನಿ. ಕಣ್ಣು ತೆರೆಯುವ ಮೊದಲೇ "ತಗೊಂಡೆ" ಎಂದು ನನ್ನ ಬಾಯಿ ಹೇಳಿತ್ತು, ಅಂಗೈ ಅನುವಿನ ಪಾದದ ಮೇಲಿತ್ತು. ಪಾದ ಕೊರೆಯುವಷ್ಟು ತಣ್ಣಗಿತ್ತು.

ಕೋಣೆಯಲ್ಲಿ ಯಾರೂ ಇಲ್ಲ. ಬಾಗಿಲು ಮುಚ್ಚಿದಂತೆಯೇ ಇತ್ತು. ಅನುವನ್ನು ಎಬ್ಬಿಸಿದರೆ ಹೊಟ್ಟೆನೋವೆಂದು ಗೊಣಗಿ ಮತ್ತೆ ಮಂಪರಿಗೆ ಜಾರಿದಳು. ತಟ್ಟಿದ್ದು ಯಾರೆಂದು ಯೋಚಿಸಲು ನಿಲ್ಲಲಿಲ್ಲ. ಸುಮಾಳನ್ನು ಕೂಗಿ, ಮಗುವನ್ನು ಹೊದಿಕೆಯಲ್ಲಿ ಸುತ್ತಿ ಆಟೋ ಹತ್ತಿದೆ.

"ಮೇನ್ ರೋಡ್ ಬೇಡಣ್ಣ, ಲಾರಿ ನಿಂತಿರ್ತವೆ. ಫ್ಯಾಕ್ಟರಿ ಶೆಡ್‌ಗಳ ಹಿಂದಿನಿಂದ ಹೋಗು," ಎಂದೆ.

ಆಸ್ಪತ್ರೆಯ ವೈದ್ಯೆ ಚಿಕ್ಕ ವಯಸ್ಸಿನವರು. ಡ್ರಿಪ್ ಹಾಕಿ, ಅನುವಿನ ನಾಡಿ ಕೈಗೆ ಸಿಕ್ಕ ಮೇಲೆ ನಮಗೆ ಬಿಡಿಸಿ ಹೇಳಿದರು. ವೈರಸ್ಸಿನ ವಿರುದ್ಧ ಹೋರಾಡುವ ರಕ್ಷಣಾ ಕಣಗಳು ಕೆಲವು ಮಕ್ಕಳಲ್ಲಿ ಹದ ಮೀರುತ್ತವೆ. ಅವು ಬಿಡುವ ರಾಸಾಯನಿಕಗಳಿಂದ ಉರಿಯೂತವೆದ್ದು ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ, ರಕ್ತದ ನೀರಿನಂಶ ಹೊರಗೆ ಸೋರುತ್ತದೆ. ಜ್ವರ ಇಳಿಯುವ ಹೊತ್ತೇ ಆ ಸೋರಿಕೆಯ ಹೊತ್ತು.

"ಜ್ವರ ಬಿಟ್ಮೇಲೇ ಜಾಸ್ತಿ ಹುಷಾರಾಗಿರ್ಬೇಕಮ್ಮ. ಇನ್ನೂ ತಡ ಆಗಿದ್ರೆ ಉಳಿಸ್ಕೊಳ್ಳೋದು ಕಷ್ಟ ಇತ್ತು. ಹೇಗೆ ಗೊತ್ತಾಯ್ತು ನಿಮ್ಗೆ?"

ಪಾದ ಮುಟ್ಟಿ ನೋಡಿದೆ ಎಂದೆ. ಸುಳ್ಳಲ್ಲವಲ್ಲ.

ಕಾರ್ಖಾನೆಯಲ್ಲಿ ನನಗೆ ಪಾಳಿ ಕೊಡುತ್ತಿದ್ದ ಗೆಳತಿಯನ್ನು ಆಮೇಲೆ ವಿಚಾರಿಸಿದೆ. ಅವಳು ಗಟ್ಟಿಮುಟ್ಟಾಗಿದ್ದಾಳೆ; ಆ ಮಧ್ಯಾಹ್ನ ತುಮಕೂರಿನ ಮಗಳ ಮನೆಯಲ್ಲಿ ಹಪ್ಪಳ ಒಣಗಿಸುತ್ತಿದ್ದಳಂತೆ. "ರಿಟೈರ್ ಆದ್ಮೇಲೂ ಡ್ಯೂಟಿ ಹಾಕ್ತೀಯಲ್ಲೇ ನಂಗೆ!" ಎಂದು ನಕ್ಕಳು. ಕನಸೇ ಇರಬಹುದು. ಆದರೆ ಪಾಳಿ ಕೊಡಬೇಕಾದರೆ ಅಲ್ಲಿಯವರೆಗೆ ಯಾರೋ ಕಾಯ್ದಿರಬೇಕು. ನಾವು ಬೇಡವೆಂದು ಬಿಟ್ಟ ಪಾಳಿಯನ್ನು ಬೆಳಿಗ್ಗೆಯಿಂದ ಕಾಯ್ದವರು ಯಾರು?

ಆ ಸಂಜೆ ಅನುವಿನ ಪಾದ ಬೆಚ್ಚಗಾಯಿತು. ಸುಮಾ ಮುಖ ತೊಳೆದುಕೊಂಡು ವಾರ್ಡಿಗೆ ಬಂದು ಮಂಚದತ್ತ ಬಾಗಿದಾಗ, ಕುರ್ಚಿಯಲ್ಲಿ ಕೂತೇ ಅವಳ ಹೆಗಲು ತಟ್ಟಿ "ಕೊಟ್ಟೆ" ಎಂದೆ. ಈ ಸಲ ಅವಳು ನಗಲಿಲ್ಲ. ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಳು.

"ಹೇಳಮ್ಮಾ, ಅಜ್ಜಿ ಕಾಯ್ತಿದಾಳೆ," ಎಂದಳು ಅನು.

"ತಗೊಂಡೆ," ಎಂದಳು ಸುಮಾ.

ಅದು ಕಿವಿಗೆ ಬಿದ್ದ ಮೇಲೆ ಕುರ್ಚಿಯಿಂದ ಎದ್ದೆ.