ಹೆಸರಿಲ್ಲದ ಹಟ್ಟಿ

ಬಟ್ಟೆಗೆ ಅಂಟಿಸಿದ ಹಳೇ ಕಾಗದದ ಹುಳಿ ಗಂಜಿಯ ವಾಸನೆ ಬಂದರೆ ಇವತ್ತಿಗೂ ನನ್ನ ಎದೆ ಝಲ್ಲೆನ್ನುತ್ತದೆ. ಗಂಗಾವತಿಯಲ್ಲಿ ಪರಿಚಯದವರೊಬ್ಬರು ನಿಜಾಮರ ಕಾಲದ ನಕಾಶೆಯೊಂದನ್ನು ಬಿಚ್ಚಿದಾಗ ಮೊದಲು ಬಂದದ್ದು ಆ ವಾಸನೆ, ಆಮೇಲೆ ಕಂಡದ್ದು ನಮ್ಮ ಕೊಳ್ಳ. ಎರಡು ಗುಡ್ಡಗಳಿಂದ ಕಂದು ಗೆರೆಗಳು ಒತ್ತೊತ್ತಾಗಿ ಇಳಿದಿದ್ದವು. ತಳದಲ್ಲಿ ಹಳ್ಳದ ನೀಲಿ, ಸುತ್ತ ಅಡವಿಯ ಹಸಿರು. ನಮ್ಮ ಮೂರು ಮನೆಗಳಿದ್ದಲ್ಲಿ ಮಾತ್ರ ‘ಖಾಲಿ ಹಟ್ಟಿ’ ಎಂದು ಬರೆದಿರುವುದನ್ನು ಅವರು ಓದಿ ಹೇಳಿದರು. ಬಂಡೆಗೆ ಒರಗಿಸಿ ಕಟ್ಟಿದ ಗೋಡೆಯ ತಂಪು, ಒಲೆಯ ಮುಂದೆ ಅಜ್ಜಿ ಸಜ್ಜಿ ರೊಟ್ಟಿ ಬಡಿದರೆ ಎದುರು ಗುಡ್ಡವೂ ಬಡಿಯುತ್ತಿದ್ದುದು, ಕೊಳ್ಳದ ತುಂಬ ಹಣ್ಣಾದ ಸೀತಾಫಲದ ಕಂಪು, ಇವನ್ನೆಲ್ಲ ಯಾವ ಬಣ್ಣದಲ್ಲಿ ಬರೆಯುತ್ತಾರೆ, ನೀವೇ ಹೇಳಿ.

ಅಳತೆಯವರು ಬಂದಾಗ ನನಗೆ ಆರು ವರ್ಷ. ಗಂಡಸರೆಲ್ಲ ಕುರಿ ಹೊಡೆದುಕೊಂಡು ಗುಡ್ಡ ದಾಟಿದ್ದರು. ಮೂರು ಕಾಲಿನ ಯಂತ್ರ ಊರಿ ನಿಂತ ಸಾಹೇಬನಿಗೆ ಕನ್ನಡ ಬಾರದು, ಅವನ ಜವಾನನೇ ಅಜ್ಜಿಯನ್ನು ಕೇಳಿದ, “ಈ ಜಾಗಕ್ಕ ಏನಂತಾರಬೇ?” ಅಜ್ಜನ ಅಜ್ಜ ಅಡವಿ ಕಡಿದು ಮನೆ ಕಟ್ಟಿದ ಕೊಳ್ಳಕ್ಕೆ ಅವನದೇ ಹೆಸರು, ಅದೇ ಹೆಸರು ಅಜ್ಜನಿಗೂ ಇಟ್ಟಿದ್ದರು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದ ಕಾಲ. “ನಾ ಹೆಂಗ ಹೇಳ್ಲಿರಿ, ಮನಿಯವರ ಹೆಸರೈತಿ ಅದು,” ಎಂದು ಅಜ್ಜಿ ಸೆರಗು ಬಾಯಿಗೆ ಹಿಡಿದಳು. ಸೊಸೆಯರೂ ಮಾವನ ಹೆಸರು ಹೇಳುವಂತಿಲ್ಲ. ಇಂಥ ಹೊತ್ತಿಗೆ ಮಕ್ಕಳ ಬಾಯಿಂದ ಹೇಳಿಸುವುದು ನಮ್ಮ ಕಡೆಯ ರೂಢಿ. “ಹೇಳವ್ವಾ, ಅಜ್ಜನ ಹೆಸರ ಹೇಳು,” ಎಂದು ಅಜ್ಜಿ ನನ್ನನ್ನು ಮುಂದೆ ದೂಡಿದಳು. ಮನೆಯಲ್ಲಿ ನಾನು ಬಾಯಿಬಡಕಿ. ಅಂದು ಮಾತ್ರ ಯಂತ್ರಕ್ಕೆ ಹೆದರಿ ಕಣಜದ ಹಿಂದೆ ಅಡಗಿದೆ. ಜವಾನ ನಕ್ಕ. “ಕುರಿ ಮೇಸಾಕ ಬಂದವ್ರು ಇರಬೇಕು, ಇವತ್ತ ಇಲ್ಲಿ, ನಾಳಿ ಎಲ್ಲೋ,” ಎಂದ. ಅದನ್ನೇ ಸಾಹೇಬನಿಗೂ ತಿಳಿಸಿದ.

ಎರಡು ಮಳೆಗಾಲ ಕಳೆದ ಮೇಲೆ ಅಡವಿ ಕಾಯುವವರು ಬಂದರು. “ನಕಾಶ್ಯಾಗ ಊರ ಇಲ್ಲ. ಇದು ಸರಕಾರಿ ಅಡವಿ, ಎದ್ದು ನಡೀರಿ.” ಅಜ್ಜ ಕೈ ಮುಗಿದ. ಆಗ ಅಜ್ಜಿ ಎಲ್ಲರ ಮುಂದೆ ಕೂಗಿದಳು, “ದುರುಗಪ್ಪನ ಕೊಳ್ಳ ಇದು! ದುರುಗಪ್ಪನ ಕೊಳ್ಳ! ಈಗರ ಬರ್ಕೊಳ್ರಿ!” ಅಜ್ಜ ತಲೆ ತಗ್ಗಿಸಿದ. ಯಾರೂ ಬರೆದುಕೊಳ್ಳಲಿಲ್ಲ.

ನವಲಿಯ ಕಡೆ ಬಂದು ಬೇರೆಯವರ ಹೊಲದಲ್ಲಿ ದುಡಿದೆವು. ಮುಂದಿನ ಯುಗಾದಿಗೆ ಅಜ್ಜ ಇರಲಿಲ್ಲ. “ನಾನ ಹೆಸರ ಹಿಡದು ಕಳಿಸಿಬಿಟ್ನಿ,” ಎಂದು ಅಜ್ಜಿ ಸಾಯುವ ತನಕ ಎದೆ ಬಡಿದುಕೊಂಡಳು. ನಾನು ಅಡಗಿದ್ದನ್ನು ಮಾತ್ರ ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.